ಕಟ್ಟಡದ ಆಕಾರಕ್ಕೆ ಮಾರ್ಕ್ಸ್ ಯಾಕಿಲ್ಲ? ಮೈಸೂರಿನ ಒಂದು ಪ್ರಕರಣ

ಮೈಸೂರಿನ ರಿಂಗ್ ರಸ್ತೆಯಲ್ಲಿ, ಬೋಗಾದಿ ಕಡೆ, ಒಂದು ಶಿಕ್ಷಣ ಟ್ರಸ್ಟಿನ ಸೈಟಿದೆ. ರಸ್ತೆಯ ಉದ್ದಕ್ಕೆ 80 ಮೀಟರ್, ಒಳಗಡೆಗೆ 65 ಮೀಟರ್. ರಸ್ತೆ ಇರುವುದು ಪಶ್ಚಿಮಕ್ಕೆ. ಇಲ್ಲಿ ಕಂಪ್ಯೂಟರ್ ಲ್ಯಾಬು, ತರಗತಿ, ಒಂದಿಷ್ಟು ಆಫೀಸು ಸೇರಿ 2,160 ಚದರ ಮೀಟರಿನ ತರಬೇತಿ ಕೇಂದ್ರ ಕಟ್ಟಬೇಕಿತ್ತು. ಹಣ ಕೊಡುವ ಕಂಪನಿಯದು ಒಂದೇ ಷರತ್ತು: ಕಟ್ಟಡಕ್ಕೆ ಲೀಡ್ ಹಸಿರು ಪ್ರಮಾಣಪತ್ರ, ಅಂದರೆ ಪರಿಸರಕ್ಕೆ ಹಗುರವಾದ ಕಟ್ಟಡಗಳಿಗೆ ಪಾಯಿಂಟ್ ಎಣಿಸಿ ಕೊಡುವ ಅಮೆರಿಕ ಮೂಲದ ಪತ್ರ, ಬೇಕು. ಅದಕ್ಕೆ ಬೇಕಾದ ಎನರ್ಜಿ ಮಾಡೆಲ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಸಾಮಾನ್ಯವಾಗಿ ನಮ್ಮಂಥವರನ್ನು ಕರೆಯುವುದೇ ತಡವಾಗಿ. ಪ್ಲಾನ್ ಮುಗಿದು, ಎಲಿವೇಷನ್ ಬಣ್ಣ ಹಚ್ಚಿ, ಟ್ರಸ್ಟಿಗಳಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದ ಮೇಲೆ "ಸ್ವಲ್ಪ ಲೀಡ್ ಪಾಯಿಂಟ್ ಮಾಡ್ಕೊಡಿ" ಅಂತ ಫೋನ್ ಬರುತ್ತದೆ. ಈ ಸಲ ಹಾಗಾಗಲಿಲ್ಲ. ಆರ್ಕಿಟೆಕ್ಟ್ ಹತ್ತಿರ ಇನ್ನೂ ಪೆನ್ಸಿಲ್ ಗೆರೆಗಳಷ್ಟೇ ಇದ್ದವು. ಆಕಾರ ಯಾವುದು ಅಂತ ತೀರ್ಮಾನ ಆಗಿರಲಿಲ್ಲ. ಈ ಪ್ರಕರಣ ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ.

ಎನರ್ಜಿ ಮಾಡೆಲ್ ಅಂದರೆ ಏನು ಅಂತ ಒಂದು ಮಾತು. ಕಟ್ಟಡದ ಗೋಡೆ, ಕಿಟಕಿ, ತಾರಸಿ, ಲೈಟು, ಏಸಿ, ಜನ, ಕಂಪ್ಯೂಟರ್ ಎಲ್ಲವನ್ನೂ ಸಾಫ್ಟ್‌ವೇರಿಗೆ ಕೊಡುತ್ತೇವೆ. ಜೊತೆಗೆ ಊರಿನ ಹವಾಮಾನದ ಫೈಲು. ಅದರಲ್ಲಿ ವರ್ಷದ ಒಂದೊಂದು ಗಂಟೆಗೂ ಒಂದು ಸಾಲು, ಒಟ್ಟು 8,760. ಸಾಫ್ಟ್‌ವೇರ್ ಗಂಟೆ ಗಂಟೆಗೂ ಲೆಕ್ಕ ಹಾಕಿ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಬೇಕು ಅಂತ ಹೇಳುತ್ತದೆ.

ನಾಲ್ಕು ಆಕಾರ

ಮೇಜಿನ ಮೇಲೆ ನಾಲ್ಕು ಆಯ್ಕೆ ಇದ್ದವು. ಮೂರು ಮಹಡಿ, ಮಹಡಿಗೆ 720 ಚದರ ಮೀಟರ್, ಮಹಡಿಯ ಎತ್ತರ 3.6 ಮೀಟರ್ ಅಂತ ಇಟ್ಟುಕೊಂಡೆವು.

ಮೊದಲನೆಯದು ದಪ್ಪ ಡಬ್ಬ: 20 ಮೀಟರ್‌ಗೆ 36 ಮೀಟರ್. ಗೋಡೆ ಮತ್ತು ತಾರಸಿ ಸೇರಿ ಹೊರಮೈ ಸುಮಾರು 1,930 ಚದರ ಮೀಟರ್. ಎರಡನೆಯದು ಉದ್ದನೆಯ ಪಟ್ಟಿ, 15ಕ್ಕೆ 48, ಉದ್ದದ ಮುಖ ರಸ್ತೆಗೆ. ಮೂರನೆಯದು ಅದೇ ಪಟ್ಟಿಯನ್ನು 90 ಡಿಗ್ರಿ ತಿರುಗಿಸಿ ಉದ್ದದ ಮುಖಗಳನ್ನು ಉತ್ತರ ದಕ್ಷಿಣಕ್ಕೆ ಮಾಡಿದ್ದು. ಎರಡರದ್ದೂ ಹೊರಮೈ ಸುಮಾರು 2,080. ನಾಲ್ಕನೆಯದು ಆರ್ಕಿಟೆಕ್ಟ್‌ಗೆ ತುಂಬಾ ಇಷ್ಟವಾದದ್ದು, ತೊಟ್ಟಿ. ಹೊರಗಡೆ 33ಕ್ಕೆ 28, ನಡುವೆ 17ಕ್ಕೆ 12 ಮೀಟರಿನ ಅಂಗಳ, ಸುತ್ತ 8 ಮೀಟರ್ ಅಗಲದ ಕೋಣೆಗಳ ಸಾಲು. ಇದರ ಹೊರಮೈ 2,664. ಒಳಗಿನ ಜಾಗ ಅಷ್ಟೇ, ಆದರೆ ಬಿಸಿಲು ಗಾಳಿಗೆ ಒಡ್ಡಿಕೊಳ್ಳುವ ಮೈ ಡಬ್ಬಕ್ಕಿಂತ ಶೇ 38ರಷ್ಟು ಜಾಸ್ತಿ.

ಟ್ರಸ್ಟಿನ ಕಾರ್ಯದರ್ಶಿಗಳು ಪಾಂಡವಪುರದ ಕಡೆಯವರು, ತೊಟ್ಟಿ ಮನೆಯಲ್ಲೇ ಹುಟ್ಟಿ ಬೆಳೆದವರು. ನಾಲ್ಕನೇ ಸ್ಕೆಚ್ ಮೇಲೆ ಬೆರಳಿಟ್ಟು "ಇದೇ ಇರ್ಲಿ ಬಿಡಮ್ಮ. ಏಪ್ರಿಲ್‌ನಲ್ಲೂ ನಮ್ಮ ಮನೆ ತಣ್ಣಗಿರ್ತಿತ್ತು. ಅದಕ್ಕಿಂತ ಹಸಿರು ಇನ್ನೇನಿದೆ?" ಅಂದರು. ಇನ್ನೊಬ್ಬ ಟ್ರಸ್ಟಿಗೆ ರಸ್ತೆ ಪಕ್ಕದ 48 ಮೀಟರ್ ಗಾಜಿನ ಮುಖ ಬೇಕಿತ್ತು. ಓಡಾಡುವವರಿಗೆಲ್ಲ ಕಾಣಬೇಕಲ್ಲ.

ಬಿಸಿಲು ಎಲ್ಲಿಂದ ಬರುತ್ತದೆ

ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಮೇಲಿರುತ್ತಾನೆ. ಒಂದೂವರೆ ಮೀಟರ್ ಎತ್ತರದ ದಕ್ಷಿಣದ ಕಿಟಕಿಗೆ ಆ ಹೊತ್ತಿನಲ್ಲಿ ಪೂರ್ತಿ ನೆರಳು ಬೇಕಾದರೆ 1.1 ಮೀಟರ್ ಸಜ್ಜಾ ಸಾಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಆಗ ಉತ್ತರದ ಗೋಡೆಗೂ ಒಂಚೂರು ಬಿಸಿಲು ಬೀಳುತ್ತದೆ. ತುಂಬಾ ಎತ್ತರದ ಬಿಸಿಲು ಅದು, ಸಣ್ಣ ಸಜ್ಜಾಕ್ಕೇ ಬಗ್ಗುತ್ತದೆ.

ಪಶ್ಚಿಮ ಹಾಗಲ್ಲ. ಏಪ್ರಿಲ್ ಮಧ್ಯದಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ, 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಅದೇ ಒಂದೂವರೆ ಮೀಟರ್ ಕಿಟಕಿಗೆ ಈಗ ಎರಡೂವರೆ ಮೀಟರ್‌ಗೂ ಜಾಸ್ತಿ ಸಜ್ಜಾ ಬೇಕು. ಯಾರು ಕಟ್ಟುತ್ತಾರೆ?

ಈ ಲೆಕ್ಕವನ್ನು ಮೀಟಿಂಗಿನಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ, ಅಷ್ಟೇ. ಹಾಗಾಗಿ ಟ್ರಸ್ಟಿನವರೇ ಆಗ ಬಾಡಿಗೆಗೆ ಇದ್ದ ಕಟ್ಟಡಕ್ಕೆ ಸಂಜೆ ಎಲ್ಲರೂ ಹೋದೆವು. ರಸ್ತೆ ಕಡೆಗೆ ಪೂರ್ತಿ ಗಾಜು, ಪಶ್ಚಿಮ ಮುಖ. ಒಳಗೆ ಗಾಜಿನ ಮೇಲೆ ಎದೆಮಟ್ಟದಿಂದ ಮೇಲಕ್ಕೆ ಹಳೇ ದಿನಪತ್ರಿಕೆ ಅಂಟಿಸಿದ್ದರು. ಅದರ ಮೇಲೆ ಪರದೆ. ಕತ್ತಲಾಗಿದ್ದರಿಂದ ಟ್ಯೂಬ್‌ಲೈಟು ಉರಿಯುತ್ತಿತ್ತು. ಏಸಿ 18ಕ್ಕೆ ಇಟ್ಟಿದ್ದರೂ ಕಿಟಕಿ ಸಾಲಿನ ಕುರ್ಚಿಗಳು ಖಾಲಿ, ಹುಡುಗರೆಲ್ಲ ಬಾಗಿಲ ಪಕ್ಕಕ್ಕೆ ಬೆಂಚು ಎಳೆದುಕೊಂಡಿದ್ದರು. ಹೊರಗಡೆ ಹೊಳೆಯುವ ಬಿಸಿಲು, ಒಳಗೆ ಅದನ್ನು ತಡೆಯಲು ಪೇಪರು, ಪೇಪರಿನಿಂದಾದ ಕತ್ತಲೆಗೆ ಲೈಟು, ಲೈಟಿನ ಬಿಸಿಗೆ ಇನ್ನಷ್ಟು ಏಸಿ. ಗಾಜಿನ ಮುಖ ಬೇಕು ಅಂದಿದ್ದ ಟ್ರಸ್ಟಿ ಗಾಜಿಗೆ ಅಂಗೈ ಇಟ್ಟು ತಕ್ಷಣ ತೆಗೆದರು.

ಈಗ ಪಟ್ಟಿಯ ಎರಡು ದಿಕ್ಕು ನೋಡಿ. ಉದ್ದ ರಸ್ತೆಗೆ ಇಟ್ಟರೆ ಪೂರ್ವ ಪಶ್ಚಿಮಕ್ಕೆ ಬೀಳುವ ಗೋಡೆ 1,037 ಚದರ ಮೀಟರ್. ತಿರುಗಿಸಿದರೆ 324. ಇಟ್ಟಿಗೆ ಒಂದೂ ಜಾಸ್ತಿ ಇಲ್ಲ, ಕಡಿಮೆ ಇಲ್ಲ.

ಸರಳ ಡಬ್ಬದ ಮಾಡೆಲ್

ಲೀಡ್‌ನ ನಾಲ್ಕನೇ ಆವೃತ್ತಿಯಲ್ಲಿ ಒಂದು ಪಾಯಿಂಟಿದೆ, ವಿನ್ಯಾಸದ ಶುರುವಿನಲ್ಲೇ ಎಲ್ಲರೂ ಕೂತು ಯೋಚಿಸಿದ್ದಕ್ಕೆ. ಕಟ್ಟಡವನ್ನು ಬರೀ ಡಬ್ಬ ಅಂದುಕೊಂಡು ಆಕಾರ, ದಿಕ್ಕು, ಗೋಡೆ, ಲೈಟು ಬದಲಾಯಿಸಿ ಹೋಲಿಸಿ ನೋಡಬೇಕು. ಒಂದೇ ಪಾಯಿಂಟ್ ಅಂತ ಜನ ಇದನ್ನು ಕಡೆಗಣಿಸುತ್ತಾರೆ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ನಿಜವಾಗಿ ಕರೆಂಟ್ ಉಳಿಸುವ ಹಂತ ಇದೇ.

ನಾಲ್ಕೂ ಆಕಾರಕ್ಕೆ ಒಂದೇ ಗೋಡೆ, ಒಂದೇ ಗಾಜು, ಒಂದೇ ಏಸಿ ಕೊಟ್ಟು ಓಡಿಸಿದೆವು. ನೋಡಿದ್ದು ಒಂದೇ ಅಂಕಿ: ವರ್ಷಕ್ಕೆ ಚದರ ಮೀಟರಿಗೆ ಎಷ್ಟು ಯೂನಿಟ್. ಇದಕ್ಕೆ ನಮ್ಮಲ್ಲಿ ಇಪಿಐ ಅಂತಾರೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಕಟ್ಟಡಗಳಿಗೆ ನಕ್ಷತ್ರ ಕೊಡುವುದೂ ಇದರ ಮೇಲೆಯೇ.

ಪೂರ್ತಿ ಏಸಿ ಅಂತ ಇಟ್ಟರೆ ಎಲ್ಲಕ್ಕಿಂತ ಕೆಟ್ಟದ್ದು ರಸ್ತೆಗುಂಟ ಪಟ್ಟಿ. ಅದರ ಹಿಂದೆಯೇ ತೊಟ್ಟಿ. ಡಬ್ಬ ಮತ್ತು ತಿರುಗಿಸಿದ ಪಟ್ಟಿ ಒಂದಕ್ಕೊಂದು ತೀರಾ ಹತ್ತಿರ. ಡಬ್ಬಕ್ಕೆ ಹೊರಮೈ ಕಡಿಮೆ, ಆದರೆ ನಡುಭಾಗ ಕತ್ತಲೆ. ಕಿಟಕಿಯಿಂದ ಸುಮಾರು 4.6 ಮೀಟರ್, ಅಂದರೆ 15 ಅಡಿಯವರೆಗಿನ ಜಾಗವನ್ನು ಮಾಡೆಲ್‌ನಲ್ಲಿ ಅಂಚಿನ ವಲಯ ಅಂತ ಬೇರೆ ಮಾಡುತ್ತೇವೆ. ಡಬ್ಬದಲ್ಲಿ ಆ ಅಂಚು ಕಳೆದು ಉಳಿಯುವ ನಡುಭಾಗ ಮಹಡಿಗೆ ಶೇ 40. ಅಲ್ಲಿ ಹಗಲೆಲ್ಲ ಲೈಟು ಬೇಕು. ಪಟ್ಟಿಯಲ್ಲಿ ಅದು ಶೇ 31. ತೊಟ್ಟಿಯಲ್ಲಿ ನಡುಭಾಗವೇ ಇಲ್ಲ, ಎರಡೂ ಕಡೆ ಕಿಟಕಿ.

ತೊಟ್ಟಿ ಯಾಕೆ ಹಿಂದೆ ಬಿತ್ತು? ಕಾರ್ಯದರ್ಶಿಗಳಿಗೆ ಇದು ಸಮಾಧಾನವಾಗಲಿಲ್ಲ. ನನಗೂ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಮಂಡ್ಯ ಮೈಸೂರು ಕಡೆಯ ತೊಟ್ಟಿ ಮನೆಯಲ್ಲಿ ಅಂಗಳ ಸಣ್ಣದು, ಸುತ್ತ ಇಳಿಜಾರು ಹೆಂಚಿನ ಮಾಡು, ಅದರ ಕೆಳಗೆ ಅಗಲವಾದ ಜಗಲಿ. ಒಳಗೋಡೆಗೆ ಬಿಸಿಲು ಮುಟ್ಟುವುದೇ ಇಲ್ಲ. ಮುಖ್ಯವಾಗಿ ಅಲ್ಲಿ ಏಸಿ ಇಲ್ಲ, ಬಿಸಿಗಾಳಿ ಮೇಲೆ ಹೋಗಲು ದಾರಿ ಇದೆ. ನಮ್ಮ ಸ್ಕೆಚ್‌ನಲ್ಲಿದ್ದದ್ದು 17ಕ್ಕೆ 12ರ ದೊಡ್ಡ ಅಂಗಳ, ಅದಕ್ಕೆ ಮುಖ ಮಾಡಿದ ಮೂರು ಮಹಡಿ ಗಾಜು. ಏಪ್ರಿಲ್ ಆಗಸ್ಟ್‌ನ ಮಧ್ಯಾಹ್ನ ಸೂರ್ಯ ನೆತ್ತಿ ಮೇಲಿರುವಾಗ ಅಂಗಳದ ನೆಲಕ್ಕೆ ಪೂರ್ತಿ ಬಿಸಿಲು, ಅಲ್ಲಿಂದ ಗಾಜಿಗೆ. ಹೆಸರು ತೊಟ್ಟಿ, ಕೆಲಸ ಬೇರೆ.

ಆದರೆ ಇನ್ನೊಂದು ಓಟದಲ್ಲಿ ಚಿತ್ರ ಬದಲಾಯಿತು. ಲ್ಯಾಬಿಗೆ ಮಾತ್ರ ಏಸಿ, ತರಗತಿಗೆ ಫ್ಯಾನು, ಎದುರುಬದುರು ಕಿಟಕಿ, ಒಳಸುತ್ತು ಜಗಲಿ ಅಂತ ಕೊಟ್ಟಾಗ ತೊಟ್ಟಿಯ ಕರೆಂಟ್ ಬಳಕೆ ತುಂಬಾ ಇಳಿಯಿತು. ತಿರುಗಿಸಿದ ಪಟ್ಟಿಯದೂ ಅಷ್ಟೇ ಇಳಿಯಿತು. ಡಬ್ಬದ್ದು ಅಷ್ಟು ಇಳಿಯಲಿಲ್ಲ, ಏಕೆಂದರೆ 20 ಮೀಟರ್ ಆಳಕ್ಕೆ ಗಾಳಿ ಹಾಯುವುದಿಲ್ಲ. ಮೈಸೂರಿನ ಏಪ್ರಿಲ್‌ನಲ್ಲಿ ಹಗಲು 34, 35 ಡಿಗ್ರಿ ಮುಟ್ಟಿದರೂ ರಾತ್ರಿ 20, 21ಕ್ಕೆ ಬರುತ್ತದೆ. ಇಂಥ ಊರಲ್ಲಿ ಫ್ಯಾನು ಕಿಟಕಿಯ ತರಗತಿ ಕಷ್ಟದ ಮಾತೇನಲ್ಲ.

ಪ್ರಮಾಣಪತ್ರದ ಲೆಕ್ಕ ಶುರುವಾದಾಗ

ಇಲ್ಲಿಯವರೆಗೆ ನೋಡಿದ್ದು ನಿಜವಾದ ಯೂನಿಟ್. ಲೀಡ್‌ಗೆ ಕೊಡಬೇಕಾದ್ದು ಬೇರೆ. ಅದು ಆಶ್ರೇ 90.1 ಅನ್ನುವ ಅಮೆರಿಕದ ಮಾನದಂಡದ ಅಪೆಂಡಿಕ್ಸ್ ಜಿ ಪ್ರಕಾರ. ನಮ್ಮ ಕಟ್ಟಡಕ್ಕೆ ಅನ್ವಯಿಸಿದ್ದು 2010ರ ಆವೃತ್ತಿ. ಅದರಲ್ಲಿ ಎರಡು ಕಟ್ಟಡ ಮಾಡೆಲ್ ಮಾಡಬೇಕು. ಒಂದು ನಾವು ಕಟ್ಟಲು ಹೊರಟಿರುವುದು. ಇನ್ನೊಂದು ಬೇಸ್‌ಲೈನ್, ಅಂದರೆ ಕನಿಷ್ಠ ನಿಯಮ ಪಾಲಿಸಿದ ಸಾಧಾರಣ ಕಟ್ಟಡ. ಬೇಸ್‌ಲೈನ್‌ಗಿಂತ ನಮ್ಮದು ಶೇಕಡ ಎಷ್ಟು ಕಡಿಮೆ ಖರ್ಚಿನದು ಅನ್ನುವುದರ ಮೇಲೆ ಪಾಯಿಂಟು. ಆಗಿನ ನಿಯಮದಲ್ಲಿ ಹೊಸ ಕಟ್ಟಡ ಕನಿಷ್ಠ ಶೇ 5 ಉಳಿಸಲೇಬೇಕಿತ್ತು, ಆಮೇಲಿನದಕ್ಕೆಲ್ಲ ಅಂಕ.

ಈ ಬೇಸ್‌ಲೈನ್ ಕಟ್ಟಡದ ಆಕಾರ ಯಾವುದು ಗೊತ್ತಾ? ನಮ್ಮದೇ ಆಕಾರ. ಅಷ್ಟೇ ಮಹಡಿ, ಅಷ್ಟೇ ಜಾಗ, ಅದೇ ಮೂಲೆ ಮುರುಕು. ನಾವು ತೊಟ್ಟಿ ಕಟ್ಟಿದರೆ ಬೇಸ್‌ಲೈನೂ ತೊಟ್ಟಿ. ಶೇ 38 ಜಾಸ್ತಿ ಹೊರಮೈ ನಮಗೂ ಬಂತು, ಅದಕ್ಕೂ ಬಂತು. ಭಾಗಿಸಿದರೆ ಹೊಡೆದುಹೋಯಿತು. ಡಬ್ಬ ಕಟ್ಟಿ ಜಾಣತನ ತೋರಿಸಿದರೂ ಅಷ್ಟೇ, ಬೇಸ್‌ಲೈನ್ ಪುಗಸಟ್ಟೆಯಾಗಿ ಜಾಣ ಆಗಿಬಿಡುತ್ತದೆ.

ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರೆ ನನ್ನ ಮೊಮ್ಮಗನ ಈ ವರ್ಷದ ಮಾರ್ಕ್ಸನ್ನ ಅವನದೇ ಹೋದ ವರ್ಷದ ಮಾರ್ಕ್ಸ್ ಜೊತೆ ಹೋಲಿಸ್ದಂಗೆ ಅಲ್ವೇನಮ್ಮ? ಎಷ್ಟು ಸುಧಾರಿಸಿದ ಅಂತ ಗೊತ್ತಾಗುತ್ತೆ. ಕ್ಲಾಸಲ್ಲಿ ಎಷ್ಟನೆಯವನು ಅಂತ ಗೊತ್ತಾಗಲ್ಲ."

"ಹೌದು ಸರ್, ಅದೇ" ಅಂದೆ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಅಂಕಿಯಲ್ಲಿ ನೋಡೋಣ. ಇದು ನಮ್ಮ ಕಟ್ಟಡದ್ದಲ್ಲ, ಅರ್ಥ ಆಗಲಿ ಅಂತ ಇಟ್ಟ ಉದಾಹರಣೆ. ಒಂದು ಆಕಾರದ ಬೇಸ್‌ಲೈನ್ 100, ನಮ್ಮ ವಿನ್ಯಾಸ 80. ಉಳಿತಾಯ ಶೇ 20. ಇನ್ನೊಂದು ಆಕಾರ ಹುಟ್ಟಿನಿಂದಲೇ ಮಿತವ್ಯಯದ್ದು, ಬೇಸ್‌ಲೈನ್ 90, ನಮ್ಮದು 75. ಉಳಿತಾಯ ಶೇ 16.7. ಕರೆಂಟ್ ಕಡಿಮೆ ತಿನ್ನುವುದು ಎರಡನೆಯದು, ಪಾಯಿಂಟ್ ಜಾಸ್ತಿ ಸಿಗುವುದು ಮೊದಲನೆಯದಕ್ಕೆ. ಪೂರ್ತಿ ಏಸಿ ಅಂತ ಇಟ್ಟಾಗ ನಮ್ಮ ತೊಟ್ಟಿ ಮತ್ತು ಡಬ್ಬದ ನಡುವೆ ಆಗಿದ್ದೂ ಇದೇ ಜಾತಿಯ ತಮಾಷೆ. "ಬಿಲ್ಲೂ ಜಾಸ್ತಿ, ಮಾರ್ಕ್ಸೂ ಜಾಸ್ತಿ. ಇದ್ಯಾವ ಸೀಮೆ ಲೆಕ್ಕಾನಮ್ಮ?" ಅಂತ ಅವರು ನಕ್ಕರು.

ನಿಯಮ ಬರೆದವರು ದಡ್ಡರಲ್ಲ. ಆಸ್ಪತ್ರೆಗೊಂದು ಆಕಾರ ಬೇಕು, ಇಕ್ಕಟ್ಟಾದ ಸೈಟಿಗೊಂದು. "ಆದರ್ಶ ಆಕಾರ" ಅಂತ ಒಂದನ್ನು ಗೊತ್ತು ಮಾಡಿ ಎಲ್ಲರನ್ನೂ ಅದರೊಂದಿಗೆ ಹೋಲಿಸಿದರೆ ಗಲಾಟೆ ಆಗುತ್ತದೆ. ಹಾಗಾಗಿ ಆಕಾರವನ್ನು ಲೆಕ್ಕದಿಂದಲೇ ಹೊರಗಿಟ್ಟರು. ಅದು ಅರ್ಥವಾಗುತ್ತದೆ. ಆದರೆ ಕರೆಂಟ್ ಬಿಲ್ಲನ್ನು ತೀರ್ಮಾನಿಸುವ ದೊಡ್ಡ ನಿರ್ಧಾರಗಳಲ್ಲೊಂದು ಪ್ರಮಾಣಪತ್ರದ ಕಣ್ಣಿಗೆ ಬೀಳದೇ ಹೋಯಿತು.

ಹಿಂಬಾಗಿಲುಗಳು

ಆಕಾರ ಪ್ರಮಾಣಪತ್ರದ ಕಣ್ಣಿಗೆ ಬೀಳುವುದೇ ಇಲ್ಲ ಅಂತಲೂ ಅಲ್ಲ. ಕೆಲವು ಕಡೆಯಿಂದ ಆಕಾರ ನುಸುಳಿ ಒಳಗೆ ಬರುತ್ತದೆ.

ದೊಡ್ಡದು ದಿಕ್ಕು. ಬೇಸ್‌ಲೈನನ್ನು ಇದ್ದ ದಿಕ್ಕಿನಲ್ಲೊಮ್ಮೆ, ಆಮೇಲೆ 90, 180, 270 ಡಿಗ್ರಿ ತಿರುಗಿಸಿ ಓಡಿಸಿ, ನಾಲ್ಕರ ಸರಾಸರಿ ತೆಗೆಯಬೇಕು. ಹಾಗಾಗಿ ರಸ್ತೆಗುಂಟ ಪಟ್ಟಿಗೂ ತಿರುಗಿಸಿದ ಪಟ್ಟಿಗೂ ಬೇಸ್‌ಲೈನ್ ಒಂದೇ ಸಂಖ್ಯೆ. ಅವೆರಡರ ನಡುವಿನ ವ್ಯತ್ಯಾಸ ಪೂರ್ತಿಯಾಗಿ ಅಂಕದಲ್ಲಿ ಕಾಣುತ್ತದೆ. ತಿರುಗಿಸಿದ್ದಕ್ಕೆ ಲಾಭ, ರಸ್ತೆಗೆ ಒಡ್ಡಿದ್ದಕ್ಕೆ ದಂಡ. ನಾಲ್ಕೂ ಕಡೆ ಒಂದೇ ಥರ ಇರುವ ಚೌಕ ಡಬ್ಬಕ್ಕೆ ಮಾತ್ರ ತಿರುಗಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಬೇಸ್‌ಲೈನ್ ಕಿಟಕಿಗೆ ಸಜ್ಜಾ ಇರುವುದಿಲ್ಲ. ಕಟ್ಟಡದ ಒಂದು ಭಾಗದ ನೆರಳು ಇನ್ನೊಂದರ ಮೇಲೆ ಬೀಳದಂತೆಯೂ ಅದನ್ನು ಮಾಡೆಲ್ ಮಾಡಬೇಕು. ಆದ್ದರಿಂದ ನಮ್ಮ ಸಜ್ಜಾ, ತೊಟ್ಟಿಯ ಒಳನೆರಳು ಇವೆಲ್ಲ ನಮ್ಮ ಖಾತೆಗೆ ಬರುತ್ತವೆ. ಹಗಲು ಬೆಳಕು ನೋಡಿ ತಾನಾಗಿ ಆರುವ ಲೈಟುಗಳೂ ಬೇಸ್‌ಲೈನ್‌ನಲ್ಲಿ ಇಲ್ಲ. ಸಣ್ಣ ಅಗಲದ ಕಟ್ಟಡಕ್ಕೆ ಸೆನ್ಸರ್ ಹಾಕಿದರೆ ಜಾಸ್ತಿ ಲೈಟು ಆರುತ್ತವೆ, ಆ ಉಳಿತಾಯ ನಮ್ಮದು.

ಮಹಡಿ ಎಣಿಕೆಯದ್ದು ಇನ್ನೂ ವಿಚಿತ್ರ. ತಾರಸಿ ಕಡಿಮೆ ಮಾಡೋಣ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ನಾಲ್ಕು ಮಹಡಿ ಸೂಚಿಸಿದ್ದರು. ಮಹಡಿಗೆ 540, ತಾರಸಿಯೂ 720ರಿಂದ 540ಕ್ಕೆ ಇಳಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ವರ್ಷವಿಡೀ ಎಲ್ಲಕ್ಕಿಂತ ಜಾಸ್ತಿ ಬಿಸಿಲು ತಿನ್ನುವುದು ತಾರಸಿ, ಹಾಗಾಗಿ ಯೋಚನೆ ಒಳ್ಳೆಯದೇ. ಆದರೆ ಅಪೆಂಡಿಕ್ಸ್ ಜಿಯಲ್ಲಿ ಬೇಸ್‌ಲೈನ್ ಏಸಿ ಯಾವುದು ಅನ್ನುವುದು ಮಹಡಿ ಮತ್ತು ಅಳತೆ ಮೇಲೆ ನಿಂತಿದೆ. ನಮ್ಮದು ಸುಮಾರು 23,250 ಚದರಡಿ. 25,000ದ ಒಳಗೆ, ಮೂರು ಮಹಡಿಯವರೆಗೆ ಇದ್ದರೆ ವಲಯಕ್ಕೊಂದು ಸಣ್ಣ ಪ್ಯಾಕೇಜ್ ಏಸಿ. ನಾಲ್ಕನೇ ಮಹಡಿ ಬಂದ ತಕ್ಷಣ ಮಹಡಿಗೊಂದು ದೊಡ್ಡ ಯಂತ್ರ, ಬೇಕಾದಷ್ಟೇ ಗಾಳಿ ಬಿಡುವ ವ್ಯವಸ್ಥೆ. ನಾವು ಮಹಡಿ ಏರಿಸಿದ್ದಕ್ಕೆ ನಮ್ಮನ್ನು ಅಳೆಯುವ ಕೋಲೇ ಬದಲಾಯಿತು. (ಬೇಸ್‌ಲೈನ್‌ಗೆ ಹೀಟಿಂಗ್ ಕೂಡ ಕೊಡಬೇಕು. ಮೈಸೂರಲ್ಲಿ! ಇರಲಿ.)

ನನಗೆ ಎಲ್ಲಕ್ಕಿಂತ ಬೇಸರ ಆಗಿದ್ದು ಫ್ಯಾನಿನ ವಿಷಯದಲ್ಲಿ. ತರಗತಿಗೆ ಏಸಿ ಹಾಕುವುದಿಲ್ಲ ಅಂತ ನಾವು ಹೇಳಿದರೂ ನಿಯಮ ಒಪ್ಪುವುದಿಲ್ಲ. ತಂಪು ಮಾಡುವ ವ್ಯವಸ್ಥೆ ಇಲ್ಲದ ಕಡೆ ಬೇಸ್‌ಲೈನ್‌ನ ಏಸಿಯನ್ನೇ ನಮ್ಮ ಕಟ್ಟಡಕ್ಕೂ ಇದೆ ಅಂದುಕೊಂಡು ಲೆಕ್ಕ ಹಾಕಬೇಕು. ತೊಟ್ಟಿಯ, ಪಟ್ಟಿಯ ಅಸಲಿ ಲಾಭ ಅಲ್ಲೇ ಕೊಚ್ಚಿಹೋಗುತ್ತದೆ. ಅದನ್ನು ತೋರಿಸಬೇಕಾದರೆ ವಿಶೇಷ ಲೆಕ್ಕ ಅಂತ ಬೇರೆ ಕಡತ ಮಾಡಿ ವಾದಿಸಬೇಕು. ಭಾರತದ 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಈ ವಿಷಯದಲ್ಲಿ ನಮ್ಮ ಜನಕ್ಕೆ ಹತ್ತಿರ. ಕಿಟಕಿ ತೆಗೆದ ಕಟ್ಟಡದಲ್ಲಿ ಎಷ್ಟು ಬಿಸಿಯನ್ನು ನಾವು ಆರಾಮಾಗಿ ತಡೆಯುತ್ತೇವೆ ಅನ್ನುವ ಭಾರತೀಯ ಮಾದರಿಗೆ ಅದರಲ್ಲಿ ಜಾಗ ಇದೆ.

ಕೊನೆಗೆ ಕಟ್ಟಿದ್ದು

ಆಕಾರವನ್ನು ಇಪಿಐ ನೋಡಿ ಆರಿಸುವುದು, ಶೇಕಡವನ್ನು ಆಮೇಲೆ ನೋಡುವುದು ಅಂತ ಎಲ್ಲರೂ ಒಪ್ಪಿದರು. ತೀರ್ಮಾನ ತಿರುಗಿಸಿದ ಪಟ್ಟಿಗೆ ಬಿತ್ತು. ಮೂರು ಮಹಡಿ. ಲ್ಯಾಬುಗಳು ಉತ್ತರಕ್ಕೆ, ತರಗತಿಗಳು ದಕ್ಷಿಣಕ್ಕೆ, 1.1 ಮೀಟರ್ ಸಜ್ಜಾ. ಪಶ್ಚಿಮದ 15 ಮೀಟರಿನ ತುದಿಯಲ್ಲಿ ಮೆಟ್ಟಿಲು, ಶೌಚಾಲಯ, ಪೈಪು ಹೋಗುವ ಡಕ್ಟು, ಸ್ಟೋರು. ಯಾರೂ ಕೂತು ಕೆಲಸ ಮಾಡದ ಜಾಗ ಬಿಸಿಲನ್ನು ಮೈಮೇಲೆ ಹಾಕಿಕೊಳ್ಳಲಿ ಅಂತ. ಹೆಬ್ಬಾಗಿಲು ಪೂರ್ವಕ್ಕೆ ಬಂದಿದ್ದರಿಂದ ವಾಸ್ತು ನೋಡಿದವರೂ ತಕರಾರು ತೆಗೆಯಲಿಲ್ಲ.

ತೊಟ್ಟಿಯ ಆಸೆ ಪೂರ್ತಿ ಬಿಡಲಿಲ್ಲ. ಹೆಬ್ಬಾಗಿಲ ಒಳಗೆ ಒಂದೇ ಮಹಡಿ ಎತ್ತರದ, ಹೆಂಚಿನ ಜಗಲಿ ಇರುವ ಸಣ್ಣ ತೊಟ್ಟಿ ಬಂತು. ಏಸಿ ಇಲ್ಲ, ಹುಡುಗರು ಊಟದ ಡಬ್ಬಿ ಬಿಚ್ಚುವ ಜಾಗ. ಮಾಡೆಲ್‌ನಲ್ಲಿ ಅದರ ಲಾಭ ಸೊನ್ನೆ.

ಒಂದು ಜಗಳ ಮಾತ್ರ ಹಾಗೇ ಉಳಿಯಿತು. ರಸ್ತೆಯಿಂದ ಈಗ ಕಾಣುವುದು 15 ಮೀಟರಿನ ಗೋಡೆ, ಅದರಲ್ಲೂ ಮೆಟ್ಟಿಲಿನ ಜಾಲಿ. "ಸಿನಿಮಾ ಟಾಕೀಸಿನ ಹಿಂಭಾಗ ಇದ್ದಂಗಿದೆ" ಅಂತ ಗಾಜಿನ ಟ್ರಸ್ಟಿ ಇನ್ನೂ ಗೊಣಗುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಸಂಸ್ಥೆ ಕಣ್ಣಿಗೆ ಕಾಣಬೇಕು ಅನ್ನುವುದೂ ಒಂದು ಅಗತ್ಯವೇ. ಗೋಡೆಯ ತುಂಬಾ ಸಂಸ್ಥೆಯ ಹೆಸರು ದೊಡ್ಡದಾಗಿ ಬರೆಸುವುದು ಅಂತ ಸದ್ಯಕ್ಕೆ ರಾಜಿ ಆಗಿದೆ.

ಹಣ ಕೊಡುವ ಕಂಪನಿಗೆ ಕಳಿಸಿದ ವರದಿಯ ಮೊದಲ ಪುಟದಲ್ಲಿ ಶೇಕಡ ಉಳಿತಾಯದ ಪಕ್ಕದಲ್ಲೇ ನಾಲ್ಕೂ ಆಕಾರದ ಇಪಿಐ ಹಾಕಿದ್ದೇವೆ. ಲ್ಯಾಬಿನ ಏಸಿ, ತರಗತಿಯ ಫ್ಯಾನು, ಲೈಟು, ಪಂಪು ನಾಲ್ಕಕ್ಕೂ ಪ್ರತ್ಯೇಕ ಮೀಟರ್ ಕೂರಿಸಲು ಎಲೆಕ್ಟ್ರಿಕಲ್ ಗುತ್ತಿಗೆದಾರರಿಗೆ ಹೇಳಿದೆ. ಜನ ತುಂಬಿ ಒಂದು ಬೇಸಿಗೆ ಕಳೆದ ಮೇಲೆ ಆ ಮೀಟರ್ ರೀಡಿಂಗ್‌ಗಳನ್ನು ಮಾಡೆಲ್ ಪಕ್ಕ ಇಟ್ಟು ನೋಡಬೇಕು.